ನಾಯಿಗಳ ಅಜಿಲಿಟಿ: ಕ್ರೀಡೆ, ತರಗತಿ, ಮಟ್ಟಗಳು

ಅಜಿಲಿಟಿ: ಜೊತೆಗೆ ಓಡುವ ಮನುಷ್ಯನ ಕೈಸನ್ನೆ, ಮೈಸನ್ನೆ, ಕೂಗು ಇಷ್ಟನ್ನೇ ನಂಬಿ ನಾಯಿಯೊಂದು ಬೇಲಿ ಹಾರಿ, ಸುರಂಗ ನುಸುಳಿ, ಹಲಗೆ ಹತ್ತಿಳಿದು, ಕಂಬಗಳ ಸಾಲಿನಲ್ಲಿ ಸುಳಿದು ಗುರಿ ಮುಟ್ಟುವ ಕ್ರೀಡೆ. ಹೊತ್ತನ್ನೂ ಎಣಿಸುತ್ತಾರೆ, ತಪ್ಪನ್ನೂ ಎಣಿಸುತ್ತಾರೆ. ನಾಯಿಗೆ ಹಗ್ಗ ಕಟ್ಟುವಂತಿಲ್ಲ. ಓಡಿಸುವವರ (ಇವರನ್ನು ಹ್ಯಾಂಡ್ಲರ್ ಎನ್ನುತ್ತಾರೆ) ಕೈಯಲ್ಲಿ ತಿನಿಸಾಗಲಿ ಚೆಂಡಾಗಲಿ ಇರಕೂಡದು, ನಾಯಿಯನ್ನು ಅವರು ಮುಟ್ಟಲೂಕೂಡದು. ಅಡ್ಡಿಗಳನ್ನು ದಾಟುವ ಕ್ರಮ ಪ್ರತಿ ಓಟಕ್ಕೂ ಹೊಸದು. ಅದನ್ನು ಮನುಷ್ಯ ಮೊದಲೇ ನಡೆದು ನೋಡಬಹುದು, ನಾಯಿಗೆ ಆ ಅವಕಾಶವಿಲ್ಲ. ದಾರಿ ಗೊತ್ತಿರುವುದು ಎರಡು ಕಾಲಿನ ನಿಧಾನಿಗೆ, ಓಡಬೇಕಾದದ್ದು ನಾಲ್ಕು ಕಾಲಿನ ಅವಸರಿ. ಅಜಿಲಿಟಿ ತರಗತಿಗಳು ಹುಟ್ಟಿಕೊಂಡದ್ದೇ ಈ ವಿಚಿತ್ರ ಜೋಡಿಗಾಗಿ. ಬಾರನ್ನು, ಅಂದರೆ ಹಾರಲೆಂದು ಅಡ್ಡಲಾಗಿಟ್ಟ ಕೋಲನ್ನು, ಹಾರುವುದನ್ನು ನಾಯಿ ಕೆಲವೇ ದಿನಗಳಲ್ಲಿ ಕಲಿಯುತ್ತದೆ. ಯಾವ ಬಾರು, ಯಾವ ಕಡೆಯಿಂದ, ಹಾರಿದ ಮೇಲೆ ಎತ್ತ ತಿರುಗಬೇಕು ಎಂಬುದನ್ನು ನಾಯಿಗೆ ತಿಳಿಯುವ ಭಾಷೆಯಲ್ಲಿ ಹೇಳಲು ಮನುಷ್ಯನಿಗೆ ವರ್ಷಗಳು ಹಿಡಿಯುತ್ತವೆ. ಮಟ್ಟದಿಂದ ಮಟ್ಟಕ್ಕೆ ಬಾರು ಎತ್ತರವಾಗುತ್ತಾ ಹೋಗುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಬೆಳೆದ ನಾಯಿಗೆ ಬಾರಿನ ಎತ್ತರ ಅದರ ಮೈಯಳತೆಯಿಂದ ಗೊತ್ತಾಗುವಂಥದು. ಮಟ್ಟ ಏರಿದಂತೆ ಬಿಗಿಯಾಗುವುದು ಇಬ್ಬರ ನಡುವಿನ ಮಾತುಕತೆ.

ಹುಟ್ಟು

ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಕ್ರಫ್ಟ್ಸ್ ಪ್ರದರ್ಶನ ಮೂಲತಃ ತಳಿಯ ಲಕ್ಷಣ ನೋಡುವ ಮೇಳ. ತೀರ್ಪುಗಾರರು ಕಿವಿ, ಬಾಲ, ಹಲ್ಲು ತಡವಿ ನೋಡುತ್ತಿದ್ದರೆ ಗ್ಯಾಲರಿಯಲ್ಲಿ ಕೂತವರಿಗೆ ಆಕಳಿಕೆ ಬರುವುದು ಸಹಜ. 1978ರ ಪ್ರದರ್ಶನ ಒಲಿಂಪಿಯಾ ಸಭಾಂಗಣದಲ್ಲಿ ನಡೆಯಲಿದ್ದಾಗ, ಮುಖ್ಯ ಕಣದ ಬಿಡುವಿನ ಹೊತ್ತು ತುಂಬಲು ಏನಾದರೊಂದು ಬೇಕೆಂದು ಸಮಿತಿಯ ಜಾನ್ ವಾರ್ಲಿ ಯೋಚಿಸಿದರು. ಕುದುರೆ ಜಿಗಿತದ ಸ್ಪರ್ಧೆಯನ್ನೇ ನಾಯಿಯ ಅಳತೆಗೆ ಇಳಿಸಿದರೆ ಹೇಗೆ ಎಂಬುದು ಅವರ ಎಣಿಕೆ. ತರಬೇತುದಾರ ಪೀಟರ್ ಮೀನ್‌ವೆಲ್ ಅಡ್ಡಿಗಳನ್ನು ರೂಪಿಸಿದರು, ಎರಡು ತಂಡಗಳು ಓಡಿದವು, ಜನ ಕುರ್ಚಿಯಿಂದೆದ್ದು ಕೂಗಿದರು. ಬಿಡುವಿನ ಆಟ ಎರಡೇ ವರ್ಷದಲ್ಲಿ ಕ್ರೀಡೆಯಾಯಿತು: 1980ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ಇದಕ್ಕೆ ನಿಯಮ ಬರೆದು ಮಾನ್ಯತೆ ಕೊಟ್ಟಿತು.

ಆಗಿನ ಬಾರಿನ ಎತ್ತರ 30 ಇಂಚು. ಅಲ್ಸೇಷನ್, ಕಾಲಿ ಜಾತಿಯ ದೊಡ್ಡ ನಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆ ಅದು. ಕುಳ್ಳ ನಾಯಿಗಳಿಗೆ ಬೇರೆ ವರ್ಗಗಳು ಆಮೇಲೆ ಬಂದವು. ಅಮೆರಿಕದಲ್ಲಿ 1986ರಲ್ಲಿ ಯುನೈಟೆಡ್ ಸ್ಟೇಟ್ಸ್ ಡಾಗ್ ಅಜಿಲಿಟಿ ಅಸೋಸಿಯೇಷನ್ ಹುಟ್ಟಿತು. ಅಮೆರಿಕನ್ ಕೆನೆಲ್ ಕ್ಲಬ್ (ಎಕೆಸಿ) ತಡವಾಗಿ, 1994ರಲ್ಲಿ ಕಣಕ್ಕಿಳಿಯಿತು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ತನ್ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿದ್ದು 1996ರಲ್ಲಿ, ಸ್ವಿಟ್ಜರ್ಲೆಂಡಿನ ಮೋರ್ಜ್ ಪಟ್ಟಣದಲ್ಲಿ.

ಕಣದಲ್ಲಿ ಏನೇನಿರುತ್ತದೆ

ಎಫ್‌ಸಿಐ ನಿಯಮದ ಓಟದಲ್ಲಿ 15ರಿಂದ 22 ಅಡ್ಡಿಗಳು, ಒಟ್ಟು ದೂರ ನೂರರಿಂದ ಇನ್ನೂರು ಮೀಟರ್ ಆಸುಪಾಸು. ಚುರುಕು ನಾಯಿಯೊಂದು ಇದನ್ನು ಒಂದು ನಿಮಿಷದೊಳಗೆ ಮುಗಿಸುತ್ತದೆ. ಹೆಚ್ಚಿನವು ಹಾರುವ ಬಾರುಗಳು; ತಗುಲಿದರೆ ಬಾರು ಸಲೀಸಾಗಿ ಉರುಳಿಬೀಳುವಂತೆ ಇಟ್ಟಿರುತ್ತಾರೆ. ನೇತುಹಾಕಿದ ಟಯರು, ಉದ್ದ ಜಿಗಿತದ ಹಲಗೆಗಳು, ಬೇಕಾದಂತೆ ಬಾಗಿಸಬಹುದಾದ ಬಟ್ಟೆಯ ಸುರಂಗ ಉಳಿದವು. ಬಾಯಿ ಮಾತ್ರ ತೆರೆದು, ಇನ್ನೊಂದು ತುದಿ ನೆಲಕ್ಕೆ ಬಿದ್ದ ಬಟ್ಟೆಯಾಗಿರುವ ಸುರಂಗವೊಂದು ಮೊದಲು ಇತ್ತು. ನಾಯಿಗಳು ಬಟ್ಟೆಯಲ್ಲಿ ಸಿಕ್ಕಿಕೊಂಡು ಪೆಟ್ಟು ಮಾಡಿಕೊಳ್ಳುತ್ತಿದ್ದುದರಿಂದ ಎಕೆಸಿ 2016ರಲ್ಲಿ ಅದನ್ನು ತೆಗೆದುಹಾಕಿತು. ಒಳ್ಳೆಯ ಕೆಲಸ.

ಹತ್ತಿಳಿಯುವವು ಮೂರು. ಎರಡು ಹಲಗೆಗಳನ್ನು ಗುಡಿಸಲಿನ ಸೂರಿನಂತೆ ಆನಿಸಿದ್ದು ಎ-ಫ್ರೇಮ್. ಒಂದಡಿ ಅಗಲದ ಕಿರುಸೇತುವೆಯಂಥದು ಡಾಗ್‌ವಾಕ್, ಅದರ ನೆತ್ತಿ ನೆಲದಿಂದ ಸುಮಾರು ನಾಲ್ಕಡಿ. ಮೂರನೆಯದು ಸೀಸಾ ಹಲಗೆ. ಮೂರರ ತುದಿಗಳಿಗೂ ಬೇರೆ ಬಣ್ಣ, ಸಾಮಾನ್ಯವಾಗಿ ಹಳದಿ, ಬಳಿದಿರುತ್ತಾರೆ. ಇಳಿಯುವಾಗ ನಾಯಿಯ ಒಂದು ಪಾದವಾದರೂ ಆ ಬಣ್ಣವನ್ನು ಮುಟ್ಟಲೇಬೇಕು, ಇಲ್ಲವಾದರೆ ತಪ್ಪು. ಎತ್ತರದಿಂದಲೇ ನೆಗೆದು ಭುಜ ಮುರಿದುಕೊಳ್ಳದಿರಲೆಂದು ಮಾಡಿದ ನಿಯಮ ಇದು. ಬಣ್ಣ ಇರುವುದು ತೀರ್ಪುಗಾರರ ಕಣ್ಣಿಗೆ. ನಾಯಿಗೆ ಹಳದಿ ಕಾಣುತ್ತದೆ, ಆದರೆ ಹಳದಿಯಲ್ಲೊಂದು ಕಾನೂನು ಅಡಗಿದೆ ಎಂದು ಅದಕ್ಕೆ ಯಾರು ಹೇಳಬೇಕು? ಅದಕ್ಕೇ ತರಗತಿಗಳ ಬಹುಪಾಲು ಹೊತ್ತು ಈ ಗಜದುದ್ದದ ಬಣ್ಣದ ಪಟ್ಟಿಯ ಮೇಲೆ ಖರ್ಚಾಗುತ್ತದೆ.

ಇನ್ನು ಕಂಬಗಳ ಸಾಲು. 60 ಸೆಂಟಿಮೀಟರ್ ಅಂತರದಲ್ಲಿ ನೆಟ್ಟ 12 ಕಂಬಗಳು. ಮೊದಲ ಕಂಬ ನಾಯಿಯ ಎಡಭುಜಕ್ಕೆ ಬರುವಂತೆ ಒಳಹೊಕ್ಕು, ಒಂದನ್ನೂ ಬಿಡದೆ ಅತ್ತ ಇತ್ತ ಸುಳಿದು ಕೊನೆ ಮುಟ್ಟಬೇಕು. ಖೋ-ಖೋ ಆಟದಲ್ಲಿ ಸಾಲಾಗಿ ಕೂತವರ ನಡುವೆ ಸರಪಳಿ ಹೆಣೆಯುತ್ತ ಓಡುವುದನ್ನು ಕಂಡವರಿಗೆ ಇದರ ಚಿತ್ರ ಕೂಡಲೇ ಮೂಡುತ್ತದೆ. ಹಾರುವುದು, ನುಸುಳುವುದು, ಹತ್ತುವುದು ಬೀದಿಯ ನಾಯಿಯೂ ಮಾಡುವ ಕೆಲಸ. ಸಾಲಾಗಿ ನೆಟ್ಟ ಹನ್ನೆರಡು ಕಂಬಗಳ ನಡುವೆ ಸುಳಿಯುವ ಪ್ರಸಂಗ ಮಾತ್ರ ಯಾವ ನಾಯಿಯ ಬಾಳಿನಲ್ಲೂ ತಾನಾಗಿ ಬರುವುದಿಲ್ಲ. ಕಲಿಯಲು ಅತಿ ಹೆಚ್ಚು ಕಾಲ ಹಿಡಿಯುವ ಅಡ್ಡಿ ಇದೇ. ಕಲಿತ ವೇಗದ ನಾಯಿ ಹನ್ನೆರಡನ್ನೂ ಮೂರು ಸೆಕೆಂಡಿನೊಳಗೆ ಮುಗಿಸುತ್ತದೆ.

ಅಡಿಪಾಯದ ತರಗತಿ

ಬ್ರಿಟನ್, ಅಮೆರಿಕ, ಯುರೋಪಿನ ಕ್ಲಬ್ಬುಗಳಲ್ಲಿ ತರಗತಿ ಸಾಮಾನ್ಯವಾಗಿ ವಾರಕ್ಕೊಮ್ಮೆ, ಒಂದು ಗಂಟೆ, ಐದಾರು ನಾಯಿಗಳ ಗುಂಪು, ಆರೆಂಟು ವಾರಗಳ ಒಂದು ಕಂತು. ಸೇರುವ ಮೊದಲು ನಾಯಿಗೆ ಕೂರು, ನಿಲ್ಲು, ಕರೆದರೆ ಬಾ ಎಂಬಷ್ಟು ಶಿಸ್ತು ಬಂದಿರಬೇಕು. ಇತರ ನಾಯಿಗಳನ್ನು ಕಂಡು ಮೈಮೇಲೆ ಬೀಳುವಂಥದಾದರೆ ಮೊದಲು ಆ ಚಾಳಿ ಸರಿಪಡಿಸಿಕೊಂಡು ಬನ್ನಿ ಎನ್ನುತ್ತಾರೆ.

ಬಂದವರಿಗೆ ಮೊದಲ ದಿನವೇ ನಿರಾಸೆ ಕಾದಿರುತ್ತದೆ. ಹಾರುವ ಬಾರೂ ಇಲ್ಲ, ಎ-ಫ್ರೇಮೂ ಇಲ್ಲ. ಬದಲಿಗೆ ನೆಲದ ಮೇಲೆ ಮಲಗಿಸಿದ ಒಂದು ಏಣಿ. ನಾಯಿ ಮುಂಗಾಲುಗಳನ್ನು ನೋಡಿಕೊಂಡು ಇಡುತ್ತದೆ. ಹಿಂಗಾಲುಗಳು ಹಿಂದೆ ಬರುತ್ತವೆ ಎಂದಷ್ಟೇ ಅದರ ಭರವಸೆ. ಏಣಿಯ ಮೆಟ್ಟಿಲುಗಳ ನಡುವೆ ನಿಧಾನವಾಗಿ ನಡೆಸಿದಾಗ ಮುಂದಿನೆರಡು ಸರಿಯಾಗಿ ಬೀಳುತ್ತವೆ, ಹಿಂಗಾಲೊಂದು ಮೆಟ್ಟಿಲಿಗೆ ಎಡವುತ್ತದೆ, ನಾಯಿ ಯಾರೋ ಹಿಂದಿನಿಂದ ತಟ್ಟಿದರೇನೋ ಎಂಬಂತೆ ತಿರುಗಿ ನೋಡುತ್ತದೆ. ಹತ್ತಾರು ಸಲ ಹೀಗಾದ ಮೇಲೆ ನಾಲ್ಕೂ ಕಾಲು ತನ್ನವೇ ಎಂಬ ಅರಿವು ಬರುತ್ತದೆ. ಒಂದಡಿ ಅಗಲದ ಡಾಗ್‌ವಾಕಿನ ಮೇಲೆ ಮುಂದೆ ಜೀವ ಕಾಯುವುದು ಈ ಅರಿವೇ. ಅಲುಗುವ ಹಲಗೆಯ ಮೇಲೆ ನಿಲ್ಲುವುದು, ತಿರುಗಿ ನೋಡದೆ ಹಿಂದಕ್ಕೆ ನಡೆದು ಹಿಂಗಾಲನ್ನು ಪೆಟ್ಟಿಗೆಯ ಮೇಲಿಡುವುದು, ಬಾರಿಲ್ಲದ ಖಾಲಿ ಕಂಬಗಳ ನಡುವೆ ಹಾದುಹೋಗುವುದು, ನೆಲಕ್ಕಿಟ್ಟ ಡಬ್ಬದ ಮುಚ್ಚಳವನ್ನು ಮೂಗಿನಿಂದ ಮುಟ್ಟುವುದು ಇವೆಲ್ಲ ಇದೇ ಪಾಠದ ಭಾಗ.

ಇಷ್ಟು ನಿಧಾನಕ್ಕೆ ಮೂಳೆಯ ಕಾರಣವೂ ಇದೆ. ಮರಿಯ ಕಾಲಿನ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೆತ್ತನೆಯ ಪದರವಿರುತ್ತದೆ. ಅದು ಗಟ್ಟಿಯಾಗಲು ಸಣ್ಣ ನಾಯಿಗಳಲ್ಲಿ ಸುಮಾರು ಒಂದು ವರ್ಷ, ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷ ಅಥವಾ ಇನ್ನೂ ಹೆಚ್ಚು ಬೇಕು. ಅದಕ್ಕೆ ಮೊದಲು ಪೂರ್ತಿ ಎತ್ತರ ಹಾರಿಸಿದರೆ, ಕಂಬಗಳಲ್ಲಿ ಬಳುಕಿಸಿದರೆ ಕಾಲು ಕೆಡುತ್ತದೆ. ಸ್ಪರ್ಧೆಗೆ ಇಳಿಸಲು ಬ್ರಿಟನ್ನಿನ ಕೆನೆಲ್ ಕ್ಲಬ್ ಮತ್ತು ಎಫ್‌ಸಿಐ 18 ತಿಂಗಳು ತುಂಬಿರಬೇಕೆನ್ನುತ್ತವೆ, ಎಕೆಸಿಗೆ 15 ತಿಂಗಳು ಸಾಕು. ಆರು ತಿಂಗಳ ಮರಿ ಎಷ್ಟು ಎತ್ತರ ಹಾರುತ್ತದೆ ನೋಡಿ ಎಂದು ಹೆಮ್ಮೆಪಡುವ ಒಡೆಯರು ಎಲ್ಲ ಊರಲ್ಲೂ ಇದ್ದಾರೆ. ಅಂಥವರನ್ನು ತಡೆಯುವುದೇ ಅಡಿಪಾಯದ ಶಿಕ್ಷಕರ ಅರ್ಧ ಕೆಲಸ.

ಕಲಿಸುವ ಬಗೆ ಬಹುಮಾನದ್ದು. ಸರಿ ಮಾಡಿದ ಗಳಿಗೆಯಲ್ಲೇ ಕ್ಲಿಕ್ಕರ್ ಎಂಬ ಪುಟ್ಟ ಡಬ್ಬಿ ಟಕ್ಕೆನ್ನುತ್ತದೆ, ಹಿಂದೆಯೇ ತಿನಿಸು ಬರುತ್ತದೆ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪ್ರಯೋಗಶಾಲೆಯಲ್ಲಿ ಕಂಡುಕೊಂಡ ತತ್ವ ಇದು. ಡಾಲ್ಫಿನ್ ತರಬೇತಿಯಿಂದ ಬಂದ ಕ್ಯಾರೆನ್ ಪ್ರಯರ್ ಇದನ್ನು ನಾಯಿ ಸಾಕುವವರ ನಡುವೆ ಜನಪ್ರಿಯಗೊಳಿಸಿದರು. ಗದರಿಕೆಯಿಂದ ನಾಯಿ ಕೂತಲ್ಲೇ ಕೂರುವುದನ್ನು ಕಲಿತೀತು. ಹೆದರಿದ ನಾಯಿ ಒಡೆಯನಿಂದ ಇಪ್ಪತ್ತಡಿ ದೂರ, ಹಗ್ಗವಿಲ್ಲದೆ, ಬೀಸಾಗಿ ಓಡುವುದಿಲ್ಲ.

ಆರಂಭದ ತರಗತಿ

ಎರಡನೆಯ ಹಂತದಲ್ಲಿ ಅಡ್ಡಿಗಳನ್ನು ಒಂದೊಂದಾಗಿ, ತಗ್ಗಿಸಿ ತೋರಿಸುತ್ತಾರೆ. ಸೀಸಾ ಹಲಗೆಯ ಪಾಠವನ್ನು ಹತ್ತಿರದಿಂದ ನೋಡಬೇಕು. ಬಾವಿಯ ಏತದಂತೆ ನಡುವಿನ ಆಧಾರದ ಮೇಲೆ ತೂಗುವ ಈ ಹಲಗೆ ಡಾಗ್‌ವಾಕಿನಂತೆಯೇ ಕಾಣುತ್ತದೆ. ಹಾಗೆಂದು ನಂಬಿ ಹತ್ತಿದ ನಾಯಿಯ ಕಾಲಡಿಯ ನೆಲವೇ ಕುಸಿಯುತ್ತದೆ, ಧಡ್ಡೆಂದು ಸದ್ದೂ ಆಗುತ್ತದೆ. ಒಂದು ಸಲ ಬೆದರಿದರೆ ಮತ್ತೆ ತಿಂಗಳುಗಟ್ಟಲೆ ಅದು ಯಾವ ಹಲಗೆಯನ್ನೂ ಹತ್ತುವುದಿಲ್ಲ. ಆದ್ದರಿಂದ ಪಾಠ ಸದ್ದಿನಿಂದ ಶುರು. ಹಲಗೆಯ ಎತ್ತಿದ ತುದಿಯ ಕೆಳಗೆ ಮೆತ್ತೆಯೋ ಮೇಜೋ ಇಟ್ಟು, ಎರಡಂಗುಲ ಮಾತ್ರ ಕುಸಿಯುವಂತೆ ಮಾಡುತ್ತಾರೆ. ನಾಯಿ ಮುಂಗಾಲಿನಿಂದ ತುದಿಯನ್ನು ಒತ್ತಿದರೆ 'ಟಪ್' ಎಂದು ಸದ್ದು, ಕೂಡಲೇ ಬಾಯಿಗೆ ಕೋಳಿಯ ಚೂರು. ಸದ್ದು ಮಾಡುವವರು ತಾವೇ ಎಂದು ಗೊತ್ತಾದ ದಿನ ನಾಯಿಗಳಿಗೆ ಅದೊಂದು ಆಟವಾಗಿಬಿಡುತ್ತದೆ. ಕೆಲವು ನಾಯಿಗಳನ್ನು ಅಲ್ಲಿಂದ ಎಬ್ಬಿಸಿ ತರುವುದೇ ಕಷ್ಟ. ಆಮೇಲೆ ಅಂಗುಲ ಅಂಗುಲವಾಗಿ ಎತ್ತರ ಏರುತ್ತದೆ. ತೀರ ಹಗುರ ನಾಯಿಗೂ ಹಲಗೆ ವಾಲಬೇಕಾದ್ದರಿಂದ, ತುದಿಯ ಹತ್ತಿರ ಒಂದು ಕಿಲೋ ತೂಕವಿಟ್ಟರೂ ಕೆಲವೇ ಸೆಕೆಂಡಿನಲ್ಲಿ ಅದು ನೆಲ ಮುಟ್ಟಬೇಕೆಂದು ಎಫ್‌ಸಿಐ ನಿಯಮವಿದೆ.

ಬಣ್ಣದ ಪಟ್ಟಿಯನ್ನು ಕಲಿಸಲು ಎರಡು ಪಂಥಗಳಿವೆ. ಇಳಿಜಾರಿನ ಕೊನೆಯಲ್ಲಿ ಮುಂಗಾಲು ನೆಲದ ಮೇಲೆ, ಹಿಂಗಾಲು ಹಲಗೆಯ ಮೇಲೆ ಇಟ್ಟು ನಿಂತು, ಅಪ್ಪಣೆ ಸಿಕ್ಕ ಮೇಲೆ ಹೊರಡುವುದು ಒಂದು. ನಿಲ್ಲದೆ ಓಡುತ್ತಲೇ ಪಟ್ಟಿಯ ಮೇಲೆ ಹೆಜ್ಜೆ ಬೀಳುವಂತೆ ಅಭ್ಯಾಸ ಮಾಡಿಸುವುದು ಇನ್ನೊಂದು. ಎರಡನೆಯದರಲ್ಲಿ ಸೆಕೆಂಡಿನ ಉಳಿತಾಯವಿದೆ, ಹಾಗೆಯೇ ತಿಂಗಳುಗಳ ಅಭ್ಯಾಸ ಬೇಕು. ಹೊಸಬರಿಗೆ ಮೊದಲನೆಯದೇ ಲೇಸು, ಹ್ಯಾಂಡ್ಲರ್ ಓಡಿಬಂದು ಸೇರಿಕೊಳ್ಳಲು ಉಸಿರಾಡುವಷ್ಟು ಬಿಡುವಾದರೂ ಸಿಗುತ್ತದೆ. ಕಂಬಗಳನ್ನು ಕಲಿಸುವಾಗ ಮೊದಲು ಎರಡು ಸಾಲುಗಳನ್ನು ಅಗಲಿಸಿ ನಡುವೆ ಓಣಿ ಬಿಡುತ್ತಾರೆ, ದಿನದಿನಕ್ಕೆ ಓಣಿಯನ್ನು ಕಿರಿದುಮಾಡುತ್ತ ಒಂದೇ ಸಾಲಿಗೆ ತರುತ್ತಾರೆ. ಎರಡೆರಡೇ ಕಂಬಗಳಿಂದ ಶುರುಮಾಡಿ ಸಾಲು ಬೆಳೆಸುವ ಪದ್ಧತಿಯೂ ಚಾಲ್ತಿಯಲ್ಲಿದೆ.

ಮಧ್ಯಮ ತರಗತಿ: ಮನುಷ್ಯನ ಸರದಿ

ಇಲ್ಲಿಗೆ ನಾಯಿಗೆ ಎಲ್ಲ ಅಡ್ಡಿಗಳೂ ಪರಿಚಿತ. ಇನ್ನು ಬೈಸಿಕೊಳ್ಳುವ ಪಾಳಿ ಒಡೆಯರದು. ಓಡುವ ನಾಯಿ ಕಿವಿಗಿಂತ ಹೆಚ್ಚು ಕಣ್ಣನ್ನು ನಂಬುತ್ತದೆ. 'ಸುರಂಗ' ಎಂದು ಬಾಯಲ್ಲಿ ಕೂಗುತ್ತ ಭುಜವನ್ನೂ ಪಾದವನ್ನೂ ಬಾರಿನ ಕಡೆಗೆ ತಿರುಗಿಸಿದರೆ ನಾಯಿ ಬಾರನ್ನೇ ಹಾರುತ್ತದೆ. ಹ್ಯಾಂಡ್ಲರ್ ನಾಯಿಯನ್ನು ದೂರುತ್ತಾರೆ. ಶಿಕ್ಷಕರು ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ನಿಧಾನವಾಗಿ ಓಡಿಸಿ ಪಾದದ ದಿಕ್ಕು ತೋರಿಸುತ್ತಾರೆ. ಈ ತರಗತಿಯಲ್ಲಿ ವಾರವಾರವೂ ನಡೆಯುವ ನಾಟಕ ಇದು. ನಾಯಿಯದು ತಪ್ಪೆಂದು ಸಾಬೀತಾಗುವುದು ಅಪರೂಪ.

ಮುಖ್ಯ ಪಾಠ ಪಕ್ಕ ಬದಲಿಸುವುದು. ನಾಯಿ ಎಡಕ್ಕೆ ತಿರುಗಬೇಕಾದಾಗ ಹ್ಯಾಂಡ್ಲರ್ ಅದರ ಎಡಬದಿಯಲ್ಲಿದ್ದರೆ ಸಲೀಸು, ಆದ್ದರಿಂದ ಓಟದ ನಡುವೆ ಹಲವು ಸಲ ಬದಿ ದಾಟಬೇಕು. ನಾಯಿಗಿಂತ ಮುಂದೆ ಓಡಿ, ಅದರತ್ತ ಮುಖಮಾಡಿ ತಿರುಗಿ ದಾಟುವುದು ಫ್ರಂಟ್ ಕ್ರಾಸ್. ಮುಂದೆಯೇ ಇದ್ದು, ಬೆನ್ನು ತೋರಿಸಿಕೊಂಡೇ ದಾಟುವುದು ಬ್ಲೈಂಡ್ ಕ್ರಾಸ್. ಒಂದು ಕ್ಷಣ ನಾಯಿ ಕಣ್ತಪ್ಪುತ್ತದೆ, ಅದಕ್ಕೇ ಎದೆಗಾರಿಕೆ ಬೇಕು. ನಾಯಿ ಮುಂದೆ ಹೋದ ಮೇಲೆ ಅದರ ಬೆನ್ನ ಹಿಂದಿನಿಂದ ದಾಟುವುದು ರಿಯರ್ ಕ್ರಾಸ್. ಮಂಡಿನೋವಿನವರಿಗೆ ಮೂರನೆಯದೇ ಆಪ್ತಮಿತ್ರ. ಇವನ್ನೆಲ್ಲ ನಾಯಿಯಿಲ್ಲದೆ, ಖಾಲಿ ಅಂಗಳದಲ್ಲಿ ಮೊದಲು ಅಭ್ಯಾಸ ಮಾಡುತ್ತಾರೆ.

ಮೇಲ್ಮಟ್ಟ

ಮೇಲಿನ ತರಗತಿಗಳಲ್ಲಿ ಹೊಸ ಅಡ್ಡಿಗಳಿಲ್ಲ, ಹೊಸ ಬಲೆಗಳಿವೆ. ಸುರಂಗದ ಬಾಯಿಯ ಪಕ್ಕದಲ್ಲೇ ಎ-ಫ್ರೇಮ್ ಇಟ್ಟಿರುತ್ತಾರೆ. ಬಾರನ್ನು ಹಿಂಬದಿಯಿಂದ ಬಂದು ಹಾರಬೇಕಾಗುತ್ತದೆ. ನೇರ ಓಟದ ಕೊನೆಗೆ ಕಂಬಗಳ ಸಾಲು ಓರೆಯಾಗಿ ಎದುರಾಗುತ್ತದೆ. ಎಡ, ಬಲ, ಮುಂದೆ, ಸುತ್ತು ಎಂಬುದಕ್ಕೆ ಬೇರೆಬೇರೆ ಕೂಗುಗಳನ್ನು ಇಲ್ಲಿ ಪಳಗಿಸುತ್ತಾರೆ.

ಸ್ಪರ್ಧೆಗೆ ಮೊದಲು ಕೊಡುವ ಕೆಲವು ನಿಮಿಷಗಳ ನಡಿಗೆಯನ್ನು ಯಾವ ಪ್ರೇಕ್ಷಕನೂ ತಪ್ಪಿಸಿಕೊಳ್ಳಬಾರದು. ಹತ್ತಿಪ್ಪತ್ತು ಜನ ವಯಸ್ಕರು ಒಂದೇ ಕಣದಲ್ಲಿ, ಇಲ್ಲದ ನಾಯಿಗೆ ಕೈ ಬೀಸುತ್ತ, ಪಿಸುಗುಡುತ್ತ, ಗಕ್ಕನೆ ತಿರುಗುತ್ತ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ನಡೆದಾಡುತ್ತಾರೆ. ಮೈಮೇಲೆ ದೇವರು ಬಂದವರ ಜಾತ್ರೆಯಂತೆ ಕಂಡರೂ ಪ್ರತಿಯೊಬ್ಬರೂ ಇಪ್ಪತ್ತು ಅಡ್ಡಿಗಳ ಲೆಕ್ಕವನ್ನು ಕಾಲಿಗೆ ಬಾಯಿಪಾಠ ಮಾಡಿಸುತ್ತಿರುತ್ತಾರೆ.

ಮಟ್ಟ ನಿರ್ಧರಿಸುವ ಬಗೆ

ಕ್ಲಬ್ಬಿನ ತರಗತಿಯ ಮಟ್ಟ ಶಿಕ್ಷಕರ ಕೈಯಲ್ಲಿದೆ. ಸ್ಪರ್ಧೆಯ ಮಟ್ಟ ಸಂಸ್ಥೆಯ ಪುಸ್ತಕದಲ್ಲಿದೆ. ಬ್ರಿಟನ್ನಿನಲ್ಲಿ ಒಂದರಿಂದ ಏಳರವರೆಗೆ ಗ್ರೇಡುಗಳು. ಎಫ್‌ಸಿಐ ದೇಶಗಳಲ್ಲಿ ಮೂರು ದರ್ಜೆಗಳು. ಎಕೆಸಿಯಲ್ಲಿ ನೊವಿಸ್, ಓಪನ್, ಎಕ್ಸಲೆಂಟ್, ಮಾಸ್ಟರ್ ಎಂಬ ನಾಲ್ಕು. ನೊವಿಸ್ ಓಟದಲ್ಲಿ 14ರಿಂದ 16 ಅಡ್ಡಿಗಳು, ಕಂಬಗಳು ಆರೇ. ನೂರಕ್ಕೆ 85 ಅಂಕ ಬಂದರೆ ಒಂದು ಅರ್ಹತೆ. ಇಬ್ಬರು ಬೇರೆಬೇರೆ ತೀರ್ಪುಗಾರರ ಕೈಕೆಳಗೆ ಇಂಥ ಮೂರು ಅರ್ಹತೆ ಗಳಿಸಿದರೆ ಬಿರುದು. ಮಾಸ್ಟರಿಗೆ ಬಂದಾಗ ಕಂಬ ಹನ್ನೆರಡು, ಅಂಕ ನೂರಕ್ಕೆ ನೂರೇ ಬೇಕು. ಎಫ್‌ಸಿಐ ಲೆಕ್ಕದಲ್ಲಿ ಬಾರು ಬಿದ್ದರೆ, ಬಣ್ಣದ ಪಟ್ಟಿ ತಪ್ಪಿದರೆ, ಅಡ್ಡಿಯ ಮುಂದೆ ಹಿಂಜರಿದರೆ ಐದೈದು ದಂಡ. ಮೂರು ಸಲ ಹಿಂಜರಿದರೆ ಅಥವಾ ಕ್ರಮ ತಪ್ಪಿದರೆ ಹೊರಗೆ.

ಬಾರಿನ ಎತ್ತರ ಮಾತ್ರ ಬೇರೆ ಲೆಕ್ಕ. ಭುಜದ ಎತ್ತರ ಅಳೆದು ನಾಯಿಗಳನ್ನು ವಿಂಗಡಿಸುತ್ತಾರೆ. ಎಫ್‌ಸಿಐಯಲ್ಲಿ ಬಹುಕಾಲ ಮೂರೇ ವರ್ಗಗಳಿದ್ದವು. ಎತ್ತರದ ವರ್ಗದ ಅಂಚಿನಲ್ಲಿರುವ ನಾಯಿಗಳು ದೊಡ್ಡವುಗಳ ಬಾರು ಹಾರಿ ಸುಸ್ತಾಗುತ್ತವೆಂಬ ದೂರು ಹಳೆಯದು. 2023ರಿಂದ ನಡುವೆ ನಾಲ್ಕನೆಯ ವರ್ಗ ಸೇರಿತು. ದೊಡ್ಡ ವರ್ಗದ ಬಾರು ಈಗ ಹೆಚ್ಚೆಂದರೆ 60 ಸೆಂಟಿಮೀಟರ್, ಅಂದರೆ 1980ರ 30 ಇಂಚಿಗಿಂತ ಅರ್ಧ ಅಡಿಯಷ್ಟು ಕಡಿಮೆ. ಕ್ರೀಡೆ ಬೆಳೆದಂತೆ ಬಾರು ಇಳಿದಿದೆ.

ಪೆಟ್ಟು

2013ರಲ್ಲಿ ಪ್ರಕಟವಾದ, ಹಲವು ದೇಶಗಳ ಸಾವಿರಕ್ಕೂ ಮಿಕ್ಕ ಅಜಿಲಿಟಿ ನಾಯಿಗಳ ಕುರಿತ ಸಮೀಕ್ಷೆಯಲ್ಲಿ ಸುಮಾರು ಮೂರಕ್ಕೊಂದು ನಾಯಿ ಗಾಯಗೊಂಡದ್ದು ತಿಳಿದುಬಂತು. ಭುಜದ ಗಾಯಗಳೇ ಹೆಚ್ಚು. ಹಾರಿ ಇಳಿಯುವಾಗ ಇಡೀ ಮೈಭಾರ ಮುಂಗಾಲಿನ ಮೇಲೆ ಬೀಳುವುದನ್ನು ನೋಡಿದರೆ ಇದು ಆಶ್ಚರ್ಯವಲ್ಲ. ಬಾರ್ಡರ್ ಕಾಲಿಗಳಿಗೆ ಅಪಾಯ ಇನ್ನಷ್ಟು ಹೆಚ್ಚು ಕಂಡಿತು. ನೋವಾದರೂ ನಿಲ್ಲಲೊಲ್ಲದ ಸ್ವಭಾವ ಅವುಗಳದು. ಈಗಿನ ಟಯರು ಡಿಕ್ಕಿಯಾದರೆ ಎರಡಾಗಿ ಬಿಚ್ಚಿಕೊಳ್ಳುತ್ತದೆ, ಹಲಗೆಗಳ ಮೇಲೆ ಜಾರದಂತೆ ರಬ್ಬರಿನ ಹರಳು ಹಾಸಿರುತ್ತದೆ. ಒಂದು ಗಂಟೆಯ ತರಗತಿಯಲ್ಲಿ ಒಂದೊಂದು ನಾಯಿ ನಿಜಕ್ಕೂ ಓಡುವುದು ಕೆಲವೇ ನಿಮಿಷ. ಉಳಿದ ಹೊತ್ತು ಗೂಡಿನಲ್ಲಿ ಮಲಗಿರಬೇಕು. ದುಡ್ಡು ಕೊಟ್ಟವರಿಗೆ ಇದು ನಷ್ಟವೆನಿಸುತ್ತದೆ, ನಾಯಿಗೆ ಲಾಭ.

ಯಾವ ನಾಯಿ, ಯಾರ ನಾಯಿ

ಕುರಿ ಕಾಯಲು ಬೆಳೆಸಿದ ಬಾರ್ಡರ್ ಕಾಲಿ ಎತ್ತರದ ವರ್ಗಗಳಲ್ಲಿ ಏಕಚಕ್ರಾಧಿಪತಿ. ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನ 2014ರಲ್ಲಿ ಅಜಿಲಿಟಿ ಶುರುಮಾಡಿದಾಗ ಗೆದ್ದ ಕೆಲ್ಸೊ ಕೂಡ ಅದೇ ತಳಿ. ಆದರೆ 2024ರಲ್ಲಿ ಅದೇ ಕಣದಲ್ಲಿ ಎಲ್ಲರನ್ನೂ ಸೋಲಿಸಿದ ನಿಂಬಲ್ ಬಾರ್ಡರ್ ಕಾಲಿ ಮತ್ತು ಪ್ಯಾಪಿಲಾನ್‌ಗಳ ಬೆರಕೆಯ ಪುಟ್ಟ ನಾಯಿ. ಅಲ್ಲಿ ಗೆದ್ದ ಮೊದಲ ಮಿಶ್ರತಳಿ ಅದು. ಓಡಲಾಗದ ಮನುಷ್ಯರಿಗೂ ಜಾಗವಿದೆ. ಗಾಲಿಕುರ್ಚಿಯಲ್ಲಿ ಕೂತು ನಾಯಿಯನ್ನು ಓಡಿಸುವವರಿಗೆ ಪ್ಯಾರಾ ಅಜಿಲಿಟಿ ಸ್ಪರ್ಧೆಗಳಿವೆ. ದೂರದಿಂದಲೇ ನಿರ್ದೇಶಿಸುವುದಕ್ಕೆ ಒತ್ತುಕೊಡುವ ಸಂಸ್ಥೆಗಳೂ ಇವೆ.

ಭಾರತದಲ್ಲಿ ಅಡ್ಡಿ ದಾಟಿಸುವ ತರಬೇತಿ ಹೊಸದಲ್ಲ. ಮೀರತ್ತಿನಲ್ಲಿ ಸೇನೆಯ ಕೇಂದ್ರ, ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆಯ ಕೇಂದ್ರ ನಾಯಿಗಳನ್ನು ಪಳಗಿಸುತ್ತ ಬಂದಿವೆ. ಅಲ್ಲಿ ಅದು ಕರ್ತವ್ಯದ ಸಿದ್ಧತೆ, ಗಡಿಯಾರದ ಆಟವಲ್ಲ. ಕ್ರೀಡೆಯಾಗಿ ಅಜಿಲಿಟಿ ಬೆಂಗಳೂರಿನಂಥ ನಗರಗಳ ಕೆಲವು ತರಬೇತಿ ಅಂಗಳಗಳಿಗೆ ಸೀಮಿತ. ಬಿಸಿಲೇರುವ ಮೊದಲೇ ಬೆಳಗಿನ ತರಗತಿ ಮುಗಿಸಬೇಕಾಗುತ್ತದೆ, ಏಕೆಂದರೆ ನಾಯಿ ಮೈಕಾವು ಕಳೆಯುವುದು ಬಹುಮಟ್ಟಿಗೆ ತೇಕಿನಿಂದಲೇ. ಮುಧೋಳದ ನಾಯಿ ಇದಕ್ಕೆ ಹೇಳಿಮಾಡಿಸಿದ್ದಲ್ಲವೇ ಎಂದು ಕನ್ನಡಿಗರು ಕೇಳುವುದುಂಟು. ಓಟದಲ್ಲಿ ಅದಕ್ಕೆ ಎದುರಿಲ್ಲ. ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯನ್ನು ತಾನೇ ತೀರ್ಮಾನಿಸಿ ಅಟ್ಟುವ ತಳಿ. ಪ್ರತಿ ಎರಡು ಸೆಕೆಂಡಿಗೊಮ್ಮೆ ಒಡೆಯನ ಭುಜ ನೋಡುವ ಕಾಲಿಯ ಗುಣ ಅದರ ರಕ್ತದಲ್ಲಿಲ್ಲ. ಕಲಿಸಲಾಗದೆಂದಲ್ಲ, ಅಡಿಪಾಯದ ತರಗತಿ ಉದ್ದವಾಗುತ್ತದೆ. ಬೀದಿಯಿಂದ ಮನೆಗೆ ಬಂದ ನಾಡನಾಯಿಗಳು ಹಗುರ ಮೈ, ಗಟ್ಟಿ ಪಾದಗಳಿಂದಾಗಿ ಈ ಆಟಕ್ಕೆ ಚೆನ್ನಾಗಿ ಒಗ್ಗುತ್ತವೆ. ಸೀಸಾದ ಸದ್ದಿಗೆ ಬೆದರದಂತೆ ನೋಡಿಕೊಂಡರಾಯಿತು.

ವಯಸ್ಸಾದ ನಾಯಿಗಳಿಗೆ ಹಲವು ಕ್ಲಬ್ಬುಗಳು ಬೇರೆ ತರಗತಿ ನಡೆಸುತ್ತವೆ. ಸೀಸಾ, ಎ-ಫ್ರೇಮ್ ಅಲ್ಲಿರುವುದಿಲ್ಲ, ಕಂಬಗಳೂ ಇಲ್ಲ. ಬಾರುಗಳನ್ನು ನೆಲಕ್ಕೇ ಇಟ್ಟಿರುತ್ತಾರೆ, ನಡುವೆ ಒಂದೋ ಎರಡೋ ನೇರ ಸುರಂಗ. ಮೂತಿ ನರೆತ ನಾಯಿ ಬಾರುಗಳನ್ನು ನಡೆದೇ ದಾಟುತ್ತದೆ, ಸುರಂಗದ ಬಾಯಿ ಕಂಡಾಗ ಮಾತ್ರ ಒಡೆಯನ ಕೂಗಿಗೂ ಕಾಯದೆ ಓಡುತ್ತದೆ.